ನಿಗಾ ಇಡುವ ಖಾತೆಗೆ ನೋಡುವ ಹಕ್ಕಷ್ಟೇ ಸಾಕು

ಡೇಟಾಬೇಸ್ ಸರ್ವರ್ ಸುಸ್ಥಿತಿಯಲ್ಲಿದೆಯೇ ಎಂದು ಹಗಲಿರುಳು ಗಮನಿಸಲು ಮಾನಿಟರಿಂಗ್ ತಂತ್ರಾಂಶ ಅಳವಡಿಸುತ್ತೇವೆ. ಅವಸರದಲ್ಲಿ ಅದಕ್ಕೆ ಅಡ್ಮಿನ್ ಪಾಸ್‌ವರ್ಡನ್ನೇ ಕೊಟ್ಟುಬಿಡುವುದುಂಟು. ಅದು ಸೋರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಗೆಳೆಯರೇ, ಈ ಕೆಲಸಕ್ಕೆ ಪ್ರತ್ಯೇಕ ಖಾತೆಯನ್ನೇ ತೆರೆಯಿರಿ.

ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದಲೇ ‘ಪಿಜಿ_ಮಾನಿಟರ್’ ಎಂಬ ಸಿದ್ಧ ರೋಲ್ ಇದೆ. ಸರ್ವರಿನ ಅಂಕಿಅಂಶ, ಸೆಟ್ಟಿಂಗ್‌ಗಳನ್ನು ಓದಲು ಅದು ಸಾಕು. ಗ್ರಾಹಕರ ಮಾಹಿತಿಯಿರುವ ಟೇಬಲ್‌ಗಳನ್ನು ಓದುವ ಹಕ್ಕನ್ನು ಅದು ಕೊಡುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಾದರೆ ಸಾಮಾನ್ಯವಾಗಿ ‘ಪ್ರೊಸೆಸ್’, ‘ರೆಪ್ಲಿಕೇಶನ್ ಕ್ಲೈಂಟ್’ ಹಕ್ಕುಗಳು ಮತ್ತು ಪರ್ಫಾರ್ಮೆನ್ಸ್ ಸ್ಕೀಮಾ ಓದುವ ಅನುಮತಿ ಸಾಕು. ಆದರೂ ಓಡುತ್ತಿರುವ ಕ್ವೆರಿಗಳು ಈ ಖಾತೆಗೆ ಕಾಣುತ್ತವೆ, ಅವುಗಳಲ್ಲಿ ಗ್ರಾಹಕರ ವಿವರಗಳೂ ಇರಬಹುದು. ಆದ್ದರಿಂದ ಮಾನಿಟರಿಂಗ್ ಯಂತ್ರದ ಐಪಿ ವಿಳಾಸದಿಂದ ಮಾತ್ರ ಲಾಗಿನ್ ಆಗುವಂತೆ ಕಟ್ಟುಮಾಡಿ, ಸಂಪರ್ಕಕ್ಕೆ ಟಿಎಲ್‌ಎಸ್ ಕಡ್ಡಾಯಗೊಳಿಸಿ.

ಪಾಸ್‌ವರ್ಡ್ ಎಲ್ಲಿಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಕಮಾಂಡ್ ಜೊತೆಗೇ ಟೈಪ್ ಮಾಡಿದರೆ ಅದು ಶೆಲ್ ಹಿಸ್ಟರಿಯಲ್ಲಿ ಉಳಿಯಬಹುದು, ಅದೇ ಯಂತ್ರದ ಇತರ ಬಳಕೆದಾರರಿಗೂ ಕಾಣಬಹುದು. ಬೇರೆ ಫೈಲಿನಲ್ಲಿಟ್ಟು, ಅದರ ಅನುಮತಿಯನ್ನು 0600ಕ್ಕೆ ಇಳಿಸಿ. ಅನುಕೂಲವಿದ್ದರೆ ಸೀಕ್ರೆಟ್ ಮ್ಯಾನೇಜರ್ ಬಳಸಿ. ಗಿಟ್‌ಗೆ ಒಮ್ಮೆ ಸೇರಿದ ಪಾಸ್‌ವರ್ಡ್, ಸಾಲು ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಇದ್ದೇ ಇರುತ್ತದೆ. ಅಂಥ ಪಾಸ್‌ವರ್ಡನ್ನು ಬದಲಿಸುವುದೊಂದೇ ದಾರಿ.

ನಿಮ್ಮ ಮಾನಿಟರಿಂಗ್ ಖಾತೆಗೆ ಯಾವ ಯಾವ ಹಕ್ಕುಗಳಿವೆ ಎಂದು ಇಂದೇ ನೋಡಿ. ಬೇಡದ್ದನ್ನು ಇಂದೇ ಹಿಂತೆಗೆಯಿರಿ.