ಮುಖ ತಿದ್ದುವ ಮೊದಲು

ಪುಟ್ಟೀ, ಹೆಣ್ಣುಮಕ್ಕಳ ಫೋಟೋನೇ ತೆಗೆಯುತ್ತೇನೆ ಅಂತ ಕ್ಯಾಮೆರಾ ಹಿಡಿದು ಹೊರಟಿದ್ದೀಯ, ಸಂತೋಷ. ನಿನ್ನೆದುರು ಬಂದು ಕೂತವಳು ಮೊದಲು ಆಡುವ ಮಾತನ್ನು ಗಮನವಿಟ್ಟು ಕೇಳು. ‘ನನ್ನ ಫೋಟೋ ಚೆನ್ನಾಗಿ ಬರಲ್ಲ ಮೇಡಂ’, ‘ಸ್ವಲ್ಪ ಬೆಳ್ಳಗೆ ಮಾಡಿಕೊಡ್ತೀರಲ್ಲಾ?’ ನಕ್ಕು ತಳ್ಳಿಹಾಕಬೇಡ. ಆ ಮಾತಿನ ಹಿಂದೆ ಗಂಡಿನ ಕಡೆಯವರು ನೋಡಿ ವಾಪಸ್ಸು ಕಳಿಸಿದ ಫೋಟೋ ಇರಬಹುದು, ಮನೆಯವರೇ ಆಡಿದ ಕೊಂಕು ಇರಬಹುದು.

ಮೂಗು ದಪ್ಪ ಅಂತ ಕೊರಗುವವಳಿಗೆ ಕಾರಣ ತಿಳಿಸಿ ಹೇಳು. ಫೋನನ್ನು ಒಂದಡಿ ದೂರದಲ್ಲಿ ಹಿಡಿದಾಗ ಮೂಗು ಹತ್ತಿರ, ಕಿವಿ ದೂರ. ಹತ್ತಿರದ್ದು ಉಬ್ಬಿ ಕಾಣುತ್ತದೆ. ಅಂಥ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಐದಡಿ ಹಿಂದೆ ಸರಿದರೆ ಆ ಉಬ್ಬು ಹೆಚ್ಚುಕಡಿಮೆ ಮಾಯ. ಎರಡೂ ಥರ ತೆಗೆದು ಅವಳ ಕೈಗೇ ಕೊಡು.

ಬಣ್ಣದ ಕೊರಗು ಇನ್ನೂ ಹಳೆಯದು. ರೀಲಿನ ಕಾಲದಲ್ಲಿ ಬಣ್ಣ ಹೊಂದಿಸಿಕೊಳ್ಳಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ‘ಶರ್ಲಿ ಕಾರ್ಡು’ ಕಳಿಸುತ್ತಿತ್ತು. ದಶಕಗಟ್ಟಲೆ ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಆ ಮುಖಕ್ಕೆ ಹೊಂದಿಸಿದ ಬಣ್ಣದಲ್ಲಿ ನಮ್ಮ ಎಣ್ಣೆಗಪ್ಪು ಮಂಕಾಗಿ ಬಂದರೆ ಅದು ಮೈಯ ದೋಷವೇ? ನಮ್ಮ ಸ್ಟುಡಿಯೋದವರೂ ಪೌಡರ್ ಬಳಿಸಿ ಕೂರಿಸಿದರು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು ಮರೆಮಾಡಿದರು. ಈಗ ಫೋನಿನ ಬ್ಯೂಟಿ ಮೋಡ್ ಹೇಳದೆ ಕೇಳದೆ ಅದನ್ನೇ ಮಾಡುತ್ತದೆ. ಮೊದಲು ಅದನ್ನು ಆಫ್ ಮಾಡು.

ಆಮೇಲೆ ಬೆಳಕು ಹುಡುಕು. ಬೆಳಗ್ಗೆ ಪಡಸಾಲೆಯ ಬಾಗಿಲ ಬಳಿ, ನೇರ ಬಿಸಿಲು ಬೀಳದ ಕಡೆ ಓರೆಯಾಗಿ ಕೂರಿಸು. ಹಿಂದೆ ಬಿಳಿ ಗೋಡೆ ಬೇಡ. ಕ್ಯಾಮೆರಾ ಗೋಡೆಯ ಬೆಳಕನ್ನು ಲೆಕ್ಕ ಹಿಡಿದು ಮುಖವನ್ನು ಕತ್ತಲಾಗಿಸುತ್ತದೆ. ಮುಖದ ಬೆಳಕನ್ನೇ ಅಳೆ. ಕಪ್ಪು ಕೆನ್ನೆಯ ಏರಿನಲ್ಲಿ ಬೆಳಕು ಜಾರುವುದನ್ನು, ಕೊರಳ ಬಳಿ ಅದು ತಾಮ್ರದ ಬಣ್ಣಕ್ಕೆ ತಿರುಗುವುದನ್ನು, ಮೂಗುತಿಯ ಪಕ್ಕ ಚುಕ್ಕಿಯಷ್ಟು ಹೊಳಪು ನಿಲ್ಲುವುದನ್ನು ಸಾವಧಾನವಾಗಿ ನೋಡು. ಇಷ್ಟು ಚೆಂದವನ್ನು ಸುಣ್ಣ ಬಳಿದ ಹಾಗೆ ಬಿಳುಪಾಗಿಸಲು ಮನಸ್ಸಾದರೂ ಹೇಗೆ ಬರುತ್ತದೋ!

‘ಹೊಟ್ಟೆ ಒಳಗೆ ಎಳ್ಕೊಳ್ಳಿ’ ಅಂತ ಯಾರಿಗೂ ಹೇಳಬೇಡ. ಉಸಿರು ಬಿಗಿಹಿಡಿದವಳ ಕಣ್ಣೂ ಬಿಗಿಯುತ್ತದೆ. ಆಮೇಲೆ ಫೋಟೋ ತಿದ್ದುವಾಗ, ನಾಲ್ಕು ದಿನದಲ್ಲಿ ಹೋಗುವ ಮೊಡವೆಯನ್ನು ಅವಳು ಕೇಳಿದರೆ ತೆಗಿ. ಮಚ್ಚೆ, ಸುಟ್ಟ ಕಲೆ, ತೊನ್ನು, ಬಸಿರು ಬಿಟ್ಟುಹೋದ ಗೆರೆ, ಇವನ್ನು ಅವಳಾಗಿ ಹೇಳದೆ ಮುಟ್ಟಬೇಡ. ಜೊತೆಗೆ ಬಂದ ಅಮ್ಮನೋ ಗಂಡನೋ ‘ಅಳಿಸಿಬಿಡಿ’ ಅಂದರೂ, ತಿರುಗಿ ಅವಳನ್ನೇ ಕೇಳು.