ಸೆಕ್ಯುರಿಟಿ ಮ್ಯಾನೇಜ್‌ಮೆಂಟ್ ಪದವಿ: ಪೋಷಕರಿಗೊಂದು ಪಾಠ



ವಿದ್ಯಾರ್ಥಿವೇತನದ ಸಂದರ್ಶನದಲ್ಲಿ ಮದ್ದೂರಿನ ತಂದೆಯೊಬ್ಬರು, "ನಾನು ವಾಚ್‌ಮನ್. ಮಗನೂ ಓದಿ ಗೇಟಲ್ಲೇ ನಿಲ್ಲಬೇಕಾ ಸಾರ್?" ಎಂದರು. ನಾವು ಹೇಳಿದ್ದು ಇಷ್ಟು.

ಕೇಂದ್ರದ 2006ರ ಮಾದರಿ ನಿಯಮದಲ್ಲಿ ಖಾಸಗಿ ಕಾವಲುಗಾರರ ತರಬೇತಿ 160 ಗಂಟೆ ಇತ್ತು: ತರಗತಿಯಲ್ಲಿ 100, ಹೊರಗೆ 60. ಪದವಿಯ ಕಲಿಕೆಯೇ ಬೇರೆ. ಗೆಜ್ಜಲಗೆರೆಯ ಡೈರಿಯಂಥ ಕಡೆ ಬೆಂಕಿ, ಕಳವು, ಅಮೋನಿಯಾ ಸೋರಿಕೆಯ ಅಪಾಯವನ್ನು ಮೊದಲೇ ಅಂದಾಜಿಸುವುದು, ಕಾವಲಿನ ಪಾಳಿ ಹಾಕುವುದು, ಕಾನೂನು ತಿಳಿಯುವುದು ಅದರ ಪಾಠ.

ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ನಮ್ಮ ಶಿವಮೊಗ್ಗದಲ್ಲೂ ಇದೆ. ಯಾವುದೇ ಕಾಲೇಜಿಗೆ ಸೇರಿಸುವ ಮುನ್ನ ಪದವಿಯ ಮಾನ್ಯತೆ, ಇಂಟರ್ನ್‌ಶಿಪ್, ಒಟ್ಟು ಖರ್ಚು ವಿಚಾರಿಸಿ.

ದಾನಿಗಳೇ, ಶುಲ್ಕದ ಜೊತೆ ಹಾಸ್ಟೆಲ್ ಖರ್ಚೂ ಒದಗಿದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳು ಊರು ಬಿಟ್ಟು ಹೋಗಿ ಓದಬಲ್ಲರು.