ಗಟ್ಟಿ ಮನಸ್ಸಿನ ಪಾಠ ಮತ್ತು ಮಾಜಿ ಸೈನಿಕರ ಹಿಂಜರಿಕೆ

ಪ್ರಶ್ನೆ: ಸೈನಿಕರಿಗೆ ಸೇವೆಯಲ್ಲಿರುವಾಗಲೇ ಮಾನಸಿಕ ಸ್ಥೈರ್ಯದ ತರಬೇತಿ ಸಿಗುತ್ತದೆ ಎನ್ನುತ್ತಾರೆ. ಆದರೂ ನಿವೃತ್ತರಾದ ಹಲವರು ನಿದ್ದೆಗೆಟ್ಟು, ಸಿಡುಕುತ್ತ ಬಳಲುತ್ತಾರೆ. ಮನೋವೈದ್ಯರ ಬಳಿಗೆ ಮಾತ್ರ ಬರಲೊಪ್ಪುವುದಿಲ್ಲ. ಏಕೆ?

ಉತ್ತರ: ಸ್ಥೈರ್ಯದ ತರಬೇತಿಯೆಂದರೆ, ಕಷ್ಟದ ಗಳಿಗೆಯಲ್ಲಿ ಏಳುವ ಯೋಚನೆಗಳನ್ನು ಗುರುತಿಸುವ, ಅತಿರೇಕದ ಭಯವನ್ನು ಒರೆಗೆ ಹಚ್ಚಿ ನೋಡುವ, ಒಡನಾಡಿಗಳ ನಂಟನ್ನು ಕಾಯ್ದುಕೊಳ್ಳುವ ಕೌಶಲಗಳನ್ನು ಮುಂಚಿತವಾಗಿಯೇ ಕಲಿಸುವ ಕ್ರಮ. ಇದನ್ನು ಬಹುದೊಡ್ಡ ಪ್ರಮಾಣದಲ್ಲಿ ಕೈಗೊಂಡದ್ದು ಅಮೆರಿಕದ ಭೂಸೇನೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಅವರ ನೆರವಿನಿಂದ 2009ರಲ್ಲಿ ಆರಂಭವಾದ ಆ ಕಾರ್ಯಕ್ರಮದ ಬೇರು ಶಾಲಾಮಕ್ಕಳ ಖಿನ್ನತೆಯನ್ನು ತಡೆಯಲು ರೂಪಿಸಿದ್ದ ಪಾಠಗಳಲ್ಲಿತ್ತು. ಜೊತೆಗಾರನ ಸಾವನ್ನು ಕಣ್ಣೆದುರೇ ಕಂಡವನಿಗೆ ಅದು ಸಾಲದೆಂಬ ಆಕ್ಷೇಪದಲ್ಲಿ ಹುರುಳಿದೆ. ಸೇನೆಯ ಇಂತಹ ಹಲವು ಕಾರ್ಯಕ್ರಮಗಳ ಪರಿಣಾಮಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2014ರಲ್ಲಿ ವರದಿ ಮಾಡಿತು.

ಹಿಂಜರಿಕೆಯ ಮೂಲ ಇನ್ನೂ ಆಳದಲ್ಲಿದೆ. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಹೋರಾಡಿದ ಅಮೆರಿಕನ್ ಯೋಧರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾನಸಿಕ ಕಾಯಿಲೆಯ ಲಕ್ಷಣಗಳಿದ್ದವರ ಪೈಕಿ ಶೇ. 23ರಿಂದ 40ರಷ್ಟು ಮಂದಿ ಮಾತ್ರ ನೆರವು ಕೋರಿದ್ದರು. ದುರ್ಬಲನೆಂದು ಕಂಡಾರು, ಸಹಯೋಧರ ನಂಬಿಕೆ ಕಳೆದುಹೋದೀತು ಎಂಬ ಅಳುಕು ಹೆಚ್ಚಾಗಿ ಕಂಡುಬಂದದ್ದು ಚಿಕಿತ್ಸೆ ಬೇಕಿದ್ದವರಲ್ಲಿಯೇ. ಗಟ್ಟಿತನ ಕಲಿಯಬಹುದಾದ ವಿದ್ಯೆಯೆಂದು ಸಾರಿದಾಗ, ಬಳಲುವವನು ತಾನು ಆ ವಿದ್ಯೆಯಲ್ಲಿ ಸೋತೆನೆಂದು ಭಾವಿಸುವ ಅಪಾಯವೂ ಇದೆ.

ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಮನೋಬಲದ ಕೊರತೆಯಲ್ಲ. ಅಪಾಯ ಕಳೆದ ಮೇಲೂ ಮಿದುಳು ಕಾವಲು ಇಳಿಸದಿರುವ ಸ್ಥಿತಿ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿ ಕೂರುವುದು, ರಾತ್ರಿ ಮತ್ತೆ ಮತ್ತೆ ಎದ್ದು ಚಿಲಕ ಮುಟ್ಟಿ ನೋಡುವುದು, ದೀಪಾವಳಿಯ ಪಟಾಕಿಗೆ ಮೈಯೆಲ್ಲ ಬಿಗಿದುಕೊಳ್ಳುವುದು ಗಡಿಯಲ್ಲಿ ಜೀವ ಉಳಿಸಿದ ಎಚ್ಚರವೇ. ಮನೆಯಲ್ಲಿ ಅದು ಯಾತನೆಯಾಗುತ್ತದೆ. ನೆನಪುಗಳನ್ನು ತಜ್ಞರ ಸಮ್ಮುಖದಲ್ಲಿ ಹಂತಹಂತವಾಗಿ ಎದುರಿಸುವ ಚಿಕಿತ್ಸೆಯಿಂದ ಹಲವರು ಚೇತರಿಸಿಕೊಳ್ಳುತ್ತಾರೆ. ಮದ್ಯ ನಿದ್ದೆ ತರಿಸಿದಂತೆ ತೋರಿದರೂ ಆ ನಿದ್ದೆಯನ್ನೇ ಒಡೆಯುತ್ತದೆ.

ಮನೆಯವರು ಮನೋರೋಗದ ಮಾತೆತ್ತುವ ಬದಲು ನಿದ್ದೆಯ ತೊಂದರೆಯಿಂದಲೇ ಆರಂಭಿಸಿ ಕುಟುಂಬ ವೈದ್ಯರಲ್ಲಿಗೆ ಕರೆದೊಯ್ಯುವುದು ಹೆಚ್ಚು ಫಲಕಾರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ, ಕನ್ನಡದಲ್ಲಿಯೂ, ಉಚಿತ ಸಲಹೆ ದೊರೆಯುತ್ತದೆ. ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ರೋಗಿಯ ಹಕ್ಕಾಗಿಸಿದೆ. ಸಾಯುವ ಮಾತು ಬಾಯಲ್ಲಿ ಬಂದರೆ ಮಾತ್ರ ಒಪ್ಪಿಗೆಗಾಗಿ ಕಾಯದೆ, ಒಂಟಿಯಾಗಿ ಬಿಡದೆ, ಮನೆಯಲ್ಲಿ ಬಂದೂಕಿದ್ದರೆ ಬೇರೆಡೆಗೆ ಸಾಗಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.